ರಾಜಧಾನಿ ಸಾಗಿದ ದಾರಿಯಲ್ಲಿ ಒಂದು ದಿನದ ಸುತ್ತಾಟ

“ಕಮಲಾಪುರದಾಗ ಕೆಂಪು ಬಾಳಿಹಣ್ಣು ತಗೊಳ್ಳೋದು, ಹುಮನಾಬಾದ್‌ದಾಗ ಚಾ ಕುಡಿಯೋದು, ಬೀದರ್ ಕಿಲ್ಲಾ ನೋಡಿ ಹೊತ್ತು ಮುಳುಗೋದ್ರಾಗ ಮನಿ ಮುಟ್ಟೋದು.” ಕಲಬುರಗಿಯ ಮನೆಗಳಲ್ಲಿ ಭಾನುವಾರದ ಪ್ರವಾಸದ ಮಾತು ಬಹುತೇಕ ಇಷ್ಟರಲ್ಲೇ ಮುಗಿಯುತ್ತದೆ. ಹುಮನಾಬಾದ್ ರಿಂಗ್ ರೋಡ್ ದಾಟಿದರೆ ಮುಂದಿನ ಸುಮಾರು 110 ಕಿಲೋಮೀಟರ್‌ಗೆ ದಾರಿ ಕೇಳುವ ಪ್ರಮೇಯವೇ ಬರುವುದಿಲ್ಲ.

ಇಷ್ಟು ಸಲೀಸಾದ ಈ ಯೋಜನೆ ರೂಪುಗೊಳ್ಳಲು ಮಾತ್ರ ಆರು ಶತಮಾನ ಹಿಡಿಯಿತು. ಎಲ್ಲಿ ನಿಲ್ಲಬೇಕು, ಏನು ನೋಡಬೇಕು ಎಂಬುದನ್ನೆಲ್ಲ ಸುಲ್ತಾನರು, ಕುದುರೆ ವ್ಯಾಪಾರಿಗಳು, ಯಾತ್ರಿಕರು, ಬಸ್ಸುಗಳು, ತಾಂಡಾಗಳ ಬಾಳೆ ಬೆಳೆಗಾರರು ಒಬ್ಬರ ಹಿಂದೊಬ್ಬರು ಗೊತ್ತುಮಾಡುತ್ತ ಬಂದಿದ್ದಾರೆ.

ಕಥೆ ಶುರುವಾಗುವುದು ಕಲಬುರಗಿ ಕೋಟೆಯಲ್ಲಿ. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿದಾಗ ಕಲಬುರಗಿ ಅದರ ರಾಜಧಾನಿಯಾಯಿತು. ಇಪ್ಪತ್ತು ವರ್ಷಗಳ ನಂತರ, 1367ರಲ್ಲಿ, ಕೋಟೆಯೊಳಗೆ ಜಾಮಿಯಾ ಮಸೀದಿ ಎದ್ದಿತು. ಇದನ್ನು ಕಟ್ಟಿದಾತ ಇರಾನಿನ ಕಜ್ವೀನ್ ಕಡೆಯ ರಫಿ. ಸ್ಪೇನಿನ ಕಾರ್ಡೋಬಾ ಮಸೀದಿಯ ಜೊತೆಗೆ ಇದನ್ನು ಹೋಲಿಸುವ ರೂಢಿ ಹಳೆಯದು. ಸಾಲು ಕಮಾನುಗಳ ಮಟ್ಟಿಗೆ ಆ ಮಾತು ಒಪ್ಪುತ್ತದೆ, ಅದರಾಚೆಗೆ ಇಲ್ಲ. ಕಾರ್ಡೋಬಾದಲ್ಲಿ ಕಿತ್ತಳೆ ಮರಗಳ ತೆರೆದ ಅಂಗಳವಿದೆ. ಕಲಬುರಗಿಯದು ಅಂಗಳವೇ ಇಲ್ಲದ ಮಸೀದಿ. ಇಡೀ ಜಾಗ ಗುಮ್ಮಟಗಳ ಸೂರಿನಡಿ ಇದೆ. ಪಕ್ಕದ ಅಗಲ ಕಮಾನುಗಳಿಂದ ಬೆಳಕು ಒಳಬರುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಆ ನೆರಳಿಗೆ ಇರುವ ಬೆಲೆ ಅಲ್ಲಿ ಹೋಗಿ ನಿಂತವರಿಗೆ ಗೊತ್ತು.

ದಾರಿಯ ಕಥೆ ಇಬ್ಬರು ಅಣ್ಣತಮ್ಮಂದಿರದು. 1422ರಲ್ಲಿ ಫಿರೋಜ್ ಶಾಹನ ಕೈಯಿಂದ ಗದ್ದುಗೆ ತಮ್ಮ ಅಹ್ಮದ್ ಶಾಹನ ಕೈಗೆ ಬಂತು. ಅದೇ ವರ್ಷ ಫಿರೋಜ್ ತೀರಿಕೊಂಡ. ಕಲಬುರಗಿಯ ಜನರ ಗೌರವ ಗಳಿಸಿದ್ದ ಸೂಫಿ ಸಂತ ಖ್ವಾಜಾ ಬಂದೇನವಾಜರೂ ಆ ವರ್ಷವೇ ತೀರಿಕೊಂಡರು. ಕೆಲವೇ ವರ್ಷಗಳಲ್ಲಿ ಅಹ್ಮದ್ ಶಾಹ ರಾಜಧಾನಿಯನ್ನು ಬೀದರ್‌ಗೆ ಸಾಗಿಸಿದ. ಬೀದರ್ ಕಲಬುರಗಿಗಿಂತ ಎತ್ತರದ ಪ್ರಸ್ಥಭೂಮಿ, ಹವೆ ತಂಪು, ರಾಜ್ಯದ ನಡುಭಾಗಕ್ಕೂ ಹತ್ತಿರ. ಅಣ್ಣನ ಗೋರಿ ಕಲಬುರಗಿಯ ಹಫ್ತ್ ಗುಂಬಜ್‌ನಲ್ಲಿ ಉಳಿಯಿತು, ತಮ್ಮನದು ಬೀದರ್ ಪಕ್ಕದ ಅಷ್ಟೂರಿನಲ್ಲಿ ಎದ್ದಿತು. ಇವತ್ತಿನ ಪ್ರವಾಸದ ಎರಡು ತುದಿಗಳು ಹಾಗೆ ಗೊತ್ತಾದವು. ನಡುವೆ, ಕಮಲಾಪುರದ ಕಡೆಗೆ ಹೋಗುವಾಗ ಸಿಗುವ ಹೊಳಕುಂದಾದಲ್ಲಿ, ಬಹಮನಿ ಕಾಲದ ಗುಮ್ಮಟಗಳ ಗುಂಪೊಂದು ನಿಂತಿದೆ. ಬಹುತೇಕ ಕಾರುಗಳು ಅಲ್ಲಿ ನಿಲ್ಲುವುದೇ ಇಲ್ಲ.

ರಾಜಧಾನಿಯ ಹಿಂದೆಯೇ ವ್ಯಾಪಾರವೂ ಹರಿಯಿತು. ರಷ್ಯಾದ ಟ್ವೆರ್ ಊರಿನ ವರ್ತಕ ಅಫನಾಸಿ ನಿಕಿತಿನ್ 1470ರ ಆಸುಪಾಸಿನಲ್ಲಿ ಒಂದು ಕುದುರೆ ಹಿಡಿದುಕೊಂಡು ಬೀದರ್‌ಗೆ ಬಂದಿದ್ದ. ಅದನ್ನು ಮಾರಿದ್ದೂ ಅಲ್ಲೇ. ಕಲಬುರಗಿಯ ಹೆಸರನ್ನೂ ಬರೆದಿಟ್ಟ ಆತ ಆಳಂದದ ಜಾತ್ರೆಯನ್ನು ಬಣ್ಣಿಸಿದ್ದಾನೆ. ಶೇಖ್ ಅಲಾವುದ್ದೀನರ ಹೆಸರಿನಲ್ಲಿ ವರ್ಷಕ್ಕೊಮ್ಮೆ ಹತ್ತು ದಿನ ನೆರೆಯುವ ಪೇಟೆ ಅದು. ಮಾರಾಟಕ್ಕೆ ಬರುವ ಕುದುರೆಗಳು ಇಪ್ಪತ್ತು ಸಾವಿರ ಎಂದು ಅವನ ಲೆಕ್ಕ. ಮೂರು ಸಮುದ್ರ ದಾಟಿ ಬಂದ ಈತ ಈ ಸೀಮೆಯ ಬಗ್ಗೆ ಬರೆದ ಮೊದಲ ಪ್ರವಾಸಿಗರಲ್ಲಿ ಒಬ್ಬ.

ಈ ಸೀಮೆಯ ಇನ್ನೊಂದು ಪಯಣಕ್ಕೆ ಇಂದಿಗೂ ಚಕ್ರ ತಗುಲಿಲ್ಲ. ಅಷ್ಟೂರಿನ ಅಹ್ಮದ್ ಶಾಹನನ್ನು ಮುಸ್ಲಿಮರು ವಲಿ ಎನ್ನುತ್ತಾರೆ, ಲಿಂಗಾಯತರು ಅಲ್ಲಮಪ್ರಭು ಎಂದು ನಡೆದುಕೊಳ್ಳುತ್ತಾರೆ. ಹೋಳಿ ಹುಣ್ಣಿಮೆ ಕಳೆದ ಮೇಲೆ ನಡೆಯುವ ಅಲ್ಲಿನ ಉರುಸಿಗೆ ಕಲಬುರಗಿ ಜಿಲ್ಲೆಯ ಮಾಡಿಯಾಳದ ಜಂಗಮರು ಫಕೀರರ ಜೊತೆ ಕಾಲ್ನಡಿಗೆಯಲ್ಲಿ ಹೋಗುತ್ತಾರೆ. ಮುಸ್ಲಿಂ ಸುಲ್ತಾನನ ಉರುಸನ್ನು ನಡೆಸಿಕೊಡುವವರು ಜಂಗಮರು.

ದಂಡಿಗೆಂದೋ ಆಳ್ವಿಕೆಗೆಂದೋ ಮಾಡಿದ ದಾರಿಯನ್ನು ಕಾಲಾಂತರದಲ್ಲಿ ವಿಹಾರಕ್ಕೆ ಹೊರಟವರು ವಶಮಾಡಿಕೊಳ್ಳುವುದು ಇಲ್ಲಿನ ವಿಶೇಷವೇನಲ್ಲ. ಮೆಡಿಟರೇನಿಯನ್ ಕರಾವಳಿಯಲ್ಲಿ, ಫ್ರಾನ್ಸಿನ ನೀಸ್‌ನಿಂದ ಮಾಂಟೋನ್‌ವರೆಗೆ ಬೆಟ್ಟದ ಮೈಯಲ್ಲಿ ಒಂದರ ಮೇಲೊಂದರಂತೆ ಮೂರು ‘ಕಾರ್ನಿಷ್’ ರಸ್ತೆಗಳಿವೆ. ದೂರ ಸುಮಾರು 30 ಕಿಲೋಮೀಟರ್ ಅಷ್ಟೆ. ಎಲ್ಲಕ್ಕಿಂತ ಮೇಲಿನದು ರೋಮನ್ನರ ಹಳೆಯ ಹಾದಿಯ ಜಾಡಿನಲ್ಲಿ ನೆಪೋಲಿಯನ್ ಮಾಡಿಸಿದ್ದು. ಇಂದು ಅಲ್ಲಿ ಸೈನಿಕರ ಬದಲು ಕ್ಯಾಮೆರಾ ಹಿಡಿದವರು ಓಡಾಡುತ್ತಾರೆ. ಕಾರಿನವರನ್ನು ಮನೆಯಿಂದ ಹೊರಡಿಸಿದ್ದರಲ್ಲಿ ಟೈರ್ ವ್ಯಾಪಾರಿಗಳ ಕೈವಾಡವೂ ಇತ್ತು. ಟೈರು ಸವೆದರಷ್ಟೇ ಹೊಸ ಟೈರು ಖರ್ಚಾಗುವುದು. ಹಾಗಾಗಿ ಮಿಶೆಲಿನ್ ಸಹೋದರರು 1900ರಲ್ಲಿ ಎಲ್ಲಿ ಉಳಿಯಬೇಕು, ಕಾರು ಎಲ್ಲಿ ರಿಪೇರಿ ಮಾಡಿಸಬೇಕು ಎಂದು ತಿಳಿಸುವ ಪುಸ್ತಕವನ್ನು ಪುಕ್ಕಟೆ ಹಂಚಿದರು.

ಕಲಬುರಗಿ ಸೀಮೆಯಲ್ಲಿ ಪ್ರಯಾಣದ ಚಟ ಹತ್ತಿಸಿದ್ದು ಕಾರಲ್ಲ, ಬಸ್ಸು. ಹೈದರಾಬಾದ್ ಸಂಸ್ಥಾನದಲ್ಲಿ 1932ರಲ್ಲಿ ನಿಜಾಮ್ ರೈಲ್ವೆಯ ರಸ್ತೆ ಸಾರಿಗೆ ವಿಭಾಗ 27 ಬಸ್ಸುಗಳೊಂದಿಗೆ ಶುರುವಾಯಿತು. ರೈಲಿನ ಕಥೆಯೇ ಬೇರೆ. ಕಲಬುರಗಿಗೆ ಮುಂಬೈ–ಮದ್ರಾಸ್ ಮಾರ್ಗದ ರೈಲು 19ನೇ ಶತಮಾನದಲ್ಲೇ ಬಂದಿತ್ತು. ಬೀದರ್‌ಗೆ ಹೈದರಾಬಾದ್ ಕಡೆಯಿಂದ ಹಳಿ ಬಂತು. ಹಳೆಯ ರಾಜಧಾನಿಗೂ ಹೊಸ ರಾಜಧಾನಿಗೂ ನಡುವೆ ನೇರ ಹಳಿ ಮಾತ್ರ ಇರಲಿಲ್ಲ. ಕಲಬುರಗಿ–ಹುಮನಾಬಾದ್ ಭಾಗ ಉದ್ಘಾಟನೆಯಾಗಿ ಆ ಕೊಂಡಿ ಕೂಡಿದ್ದು 2017ರ ಅಕ್ಟೋಬರ್ 29ರಂದು. ಅಲ್ಲಿಯವರೆಗೆ ಮದುವೆಯಿರಲಿ, ಕೋರ್ಟು ಕೆಲಸವಿರಲಿ, ದೇವರ ಹರಕೆಯಿರಲಿ, ಜನರಿಗಿದ್ದದ್ದು ರಸ್ತೆಯೊಂದೇ. ಹಿಂದೆ 218 ಎಂಬ ಸಂಖ್ಯೆ ಹೊತ್ತಿದ್ದ ಹೆದ್ದಾರಿ ಈಗ ರಾಷ್ಟ್ರೀಯ ಹೆದ್ದಾರಿ 50ರ ಭಾಗ.

ರೈಲು ತಡವಾದದ್ದು ಯಾಕೆ ಎಂಬುದಕ್ಕೆ ನೆಲದಲ್ಲೂ ಒಂದಿಷ್ಟು ಉತ್ತರವಿದೆ. ಕಲಬುರಗಿಯಿಂದ ಹೊರಟಾಗ ಇಕ್ಕೆಲದಲ್ಲಿ ತೊಗರಿ ಬೆಳೆವ ಕರಿ ಎರೆಭೂಮಿ. ಕಮಲಾಪುರ ಸಮೀಪಿಸಿದಂತೆ ಗುಡ್ಡಗಳು ಅಡ್ಡ ಬರುತ್ತವೆ, ರಸ್ತೆ ಏರುತ್ತದೆ, ತಿರುಗುತ್ತದೆ. ಇದೇ ಸೀಮೆಯ ಮರಗುತ್ತಿ ಬಳಿ ರೈಲಿಗಾಗಿ ಒಂದೂವರೆ ಕಿಲೋಮೀಟರಿಗೂ ಉದ್ದದ ಸುರಂಗ ಕೊರೆಯಬೇಕಾಯಿತು.

ಆ ಗುಡ್ಡಗಳ ಇಳಿಜಾರು, ಕಣಿವೆಗಳೇ ಕಮಲಾಪುರದ ಹೆಸರನ್ನು ದೂರಕ್ಕೆ ಒಯ್ದವು. ಕಮಲಾಪುರ, ರಾಜನಾಳ ತಾಂಡಾ, ನಾವನಿಹಾಳ ತಾಂಡಾ ಸುತ್ತಲಿನ ನೂರು ಹೆಕ್ಟೇರ್ ಆಸುಪಾಸಿನ ತೋಟಗಳಲ್ಲಿ ಬೆಳೆಯುವ ಕೆಂಪು ಬಾಳೆಗೆ ಜಿಐ ಮಾನ್ಯತೆ ಸಿಕ್ಕಿದೆ. ಸಿಪ್ಪೆ ಕೆಂಪು, ತಿರುಳು ಕೆನೆಬಣ್ಣ. ಉಳಿದ ಬಾಳೆ ವರ್ಷದೊಳಗೆ ಕೈಗೆ ಬಂದರೆ ಇದು ಸುಮಾರು ಹದಿನೆಂಟು ತಿಂಗಳು ಕಾಯಿಸುತ್ತದೆ. ಅಷ್ಟು ಕಾಲ ನೀರು, ಗೊಬ್ಬರ, ಆಳಿನ ಖರ್ಚು ಬೆಳೆಗಾರನದೇ. ಆದ್ದರಿಂದ ದರ ಜಾಸ್ತಿ; “ಸಾಹುಕಾರರ ಹಣ್ಣು” ಎಂಬ ಮಾತೂ ಹುಟ್ಟಿಕೊಂಡಿತು. 2017ರ ರಾಜ್ಯ ಬಜೆಟ್ ಘೋಷಿಸಿದ 49 ಹೊಸ ತಾಲ್ಲೂಕುಗಳಲ್ಲಿ ಕಮಲಾಪುರವೂ ಒಂದು. ಆದರೂ ಕಾರಿನವರ ಪಾಲಿಗೆ ಅದು ತಾಲ್ಲೂಕು ಕೇಂದ್ರ ಎನ್ನುವುದಕ್ಕಿಂತ ಬಾಳೆಗೊನೆ ನೋಡಿ ಬ್ರೇಕ್ ಹಾಕುವ ಊರು.

ಈಗ ಹೊರಡುವವರಿಗೆ ಸಮಯದ ಲೆಕ್ಕವಷ್ಟೇ ಉಳಿದದ್ದು. ಹೊಳಕುಂದಾಕ್ಕೆ ಅರ್ಧ ಗಂಟೆ ಮೀಸಲಿಟ್ಟರೂ ಬೆಳಗಿನ ತಂಪಿನಲ್ಲೇ ಹುಮನಾಬಾದ್ ಸೇರಬಹುದು. ಬೀದರ್‌ನಲ್ಲಿ ಕೋಟೆ, 1472ರ ಮಹಮೂದ್ ಗವಾನ್ ಮದರಸಾ, ಅಷ್ಟೂರು ಮೂರೇ ಸಾಕು, ದಿನ ತುಂಬುತ್ತದೆ. ನೌಬಾದ್‌ನ ಕರೇಜ್ ಸೇರಿಸಿಕೊಂಡರೆ ನೆಲದಡಿಯ ಕಾಲುವೆಯಲ್ಲಿ ನೀರು ಹರಿಸುವ ಇರಾನಿ ಜಾಣ್ಮೆಯನ್ನು ಕಾಣಬಹುದು. ಇದೇ ಬಗೆಯ ಕಾಲುವೆಗಳು ಮೆಡಿಟರೇನಿಯನ್ ದಂಡೆಯ ಪಲೆರ್ಮೊ ನಗರದ ಅಡಿಯಲ್ಲೂ ಇವೆ. ಇನ್ನೊಂದು ದಿನ ಇದ್ದವರು ಬಂದ ದಾರಿಯಲ್ಲೇ ಮರಳುವುದಿಲ್ಲ. ಬಸವಕಲ್ಯಾಣಕ್ಕೆ ಹೊರಳಿ, ಆಳಂದದ ಮೇಲೆ ಹಾಯ್ದು ಕಲಬುರಗಿ ಸೇರುತ್ತಾರೆ. ಮಾರ್ಗಶಿರದಲ್ಲಿ ಹೊರಟವರು ಮಾತ್ರ ಹುಮನಾಬಾದ್ ಬಳಿಯ ಮಾಣಿಕನಗರಕ್ಕೆ ಹೆಚ್ಚು ಹೊತ್ತು ಇಟ್ಟುಕೊಳ್ಳಬೇಕು. 1817ರ ದತ್ತ ಜಯಂತಿಯಂದು ಹುಟ್ಟಿದ ಮಾಣಿಕಪ್ರಭುಗಳ ಉತ್ಸವ ಅದೇ ಹುಣ್ಣಿಮೆಯ ಸುತ್ತ ನಡೆಯುತ್ತದೆ. ಹಾಡುಗಾರಿಕೆ ಕೇಳಲು ಕೂತವರು ಆ ರಾತ್ರಿ ಬೀದರ್ ಮುಟ್ಟುವ ಯೋಚನೆ ಬಿಡುವುದೇ ಒಳ್ಳೆಯದು.