ಮಂತ್ರ, ಡ್ರ್ಯಾಗನ್ ಮತ್ತು ಪ್ರೋಗ್ರಾಂ

ಕಂಪ್ಯೂಟರ್ ವಿಜ್ಞಾನದ ಒಂದು ಪ್ರಸಿದ್ಧ ಪಠ್ಯಪುಸ್ತಕದ ಮುಖಪುಟದಲ್ಲಿ ಮಾಂತ್ರಿಕನಿದ್ದಾನೆ. ಅಮೆರಿಕದ ಎಂಐಟಿಯ ಏಬಲ್‌ಸನ್ ಮತ್ತು ಸಸ್‌ಮನ್ ಬರೆದ, 1985ರಲ್ಲಿ ಬಂದ ‘ಸ್ಟ್ರಕ್ಚರ್ ಅಂಡ್ ಇಂಟರ್‌ಪ್ರಿಟೇಷನ್ ಆಫ್ ಕಂಪ್ಯೂಟರ್ ಪ್ರೋಗ್ರಾಮ್ಸ್’ ಅದು. ಮೊದಲ ಅಧ್ಯಾಯದಲ್ಲೇ ಲೇಖಕರು ಪ್ರೋಗ್ರಾಮನ್ನು ಮಂತ್ರಕ್ಕೆ ಹೋಲಿಸುತ್ತಾರೆ. ಮರುವರ್ಷ ಹೊರಬಂದ ಏಹೋ, ಸೇಠಿ, ಉಲ್‌ಮನ್ ಅವರ ಕಂಪೈಲರ್ (ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ಇಳಿಸುವ ತಂತ್ರಾಂಶ) ಪುಸ್ತಕದ ಮುಖಪುಟದಲ್ಲಿ ಯೋಧನೊಬ್ಬ ಕೆಂಪು ಡ್ರ್ಯಾಗನ್ ವಿರುದ್ಧ ಯುದ್ಧಕ್ಕೆ ನಿಂತಿದ್ದಾನೆ. ಪುಸ್ತಕಕ್ಕೆ ‘ಡ್ರ್ಯಾಗನ್ ಬುಕ್’ ಎಂಬ ಹೆಸರೇ ನಿಂತುಬಿಟ್ಟಿತು.

ಇದು ಬರೀ ಅಲಂಕಾರವಲ್ಲ. ಪ್ರೋಗ್ರಾಮಿನಲ್ಲಿ ಹೆಸರೇ ಕೆಲಸ ಮಾಡುತ್ತದೆ. ‘ಮೊತ್ತ’ ಎಂದು ಹೆಸರಿಟ್ಟದ್ದನ್ನು ಮುಂದಿನ ಸಾಲಿನಲ್ಲಿ ‘ಮೊತ’ ಎಂದು ಕರೆದರೆ, ಒಂದು ಒತ್ತಕ್ಷರ ತಪ್ಪಿದ್ದಕ್ಕೆ ಯಂತ್ರದ ಪಾಲಿಗೆ ಅದು ಬೇರೆಯೇ ವಸ್ತು. ಓದುಗನಂತೆ ಅದು ಊಹಿಸಿಕೊಂಡು ಮುಂದೆ ಹೋಗುವುದಿಲ್ಲ. ಅರ್ಸುಲಾ ಲೆ ಗ್ವಿನ್ 1968ರಲ್ಲಿ ಬರೆದ ‘ಎ ವಿಝರ್ಡ್ ಆಫ್ ಅರ್ಥ್‌ಸೀ’ಯ ಮಂತ್ರವಿದ್ಯೆಯೂ ಇಂಥದ್ದೇ. ಅಲ್ಲಿ ವಸ್ತುವಿನ ನಿಜನಾಮ ಬಲ್ಲವನಿಗೆ ಮಾತ್ರ ಅದರ ಮೇಲೆ ಹಿಡಿತ. ಹುಡುಗ ಗೆಡ್ ಒಂಟಿ ಗೋಪುರದಲ್ಲಿ ಕೂತು ಹೆಸರುಗಳ ಪಟ್ಟಿಗಳನ್ನು ಬಾಯಿಪಾಠ ಮಾಡುತ್ತಾನೆ. ಮಂತ್ರವಿದ್ಯೆಯನ್ನು ಇಷ್ಟು ಬೇಸರದ, ಇಷ್ಟು ಶ್ರಮದ ಓದಾಗಿ ತೋರಿಸಿದ್ದೇ ಈ ಕಾದಂಬರಿಯ ದೊಡ್ಡ ಗುಣ. ಹೊಸ ಪ್ರೋಗ್ರಾಮಿಂಗ್ ಭಾಷೆಯೊಂದರ ಕೈಪಿಡಿ ಹಿಡಿದು ಕೂತವರಿಗೆ ಆ ಗೋಪುರ ಪರಿಚಿತ ಜಾಗ. ವರ್ನರ್ ವಿಂಜ್ 1981ರ ‘ಟ್ರೂ ನೇಮ್ಸ್’ ಕಥೆಯಲ್ಲಿ ಈ ಕಲ್ಪನೆಯನ್ನು ನೇರವಾಗಿ ಕಂಪ್ಯೂಟರ್ ಜಾಲಕ್ಕೇ ತಂದರು. ಅದರಲ್ಲಿ ಹ್ಯಾಕರುಗಳೇ ಮಾಂತ್ರಿಕರು. ನಿಜವಾದ ಹೆಸರು ಹೊರಬಿದ್ದರೆ ಅವರ ಕಥೆ ಮುಗಿದಂತೆ.

ಮಂತ್ರಕ್ಕೆ ಮಿತಿ ಹಾಕಿದವರು ಫ್ರೆಡ್ ಬ್ರೂಕ್ಸ್. ಐಬಿಎಂನ ಸಿಸ್ಟಂ/360 ಗಣಕಗಳ ಆಪರೇಟಿಂಗ್ ಸಿಸ್ಟಂ ಕಟ್ಟುವ ಕೆಲಸ ನಡೆಸಿದ್ದ ಅವರು 1975ರಲ್ಲಿ ‘ದಿ ಮಿಥಿಕಲ್ ಮ್ಯಾನ್-ಮಂತ್’ ಬರೆದರು. 1986ರ ಒಂದು ಪ್ರಬಂಧಕ್ಕೆ ಅವರು ಪಾಶ್ಚಾತ್ಯ ಜನಪದದ ತೋಳಮಾನವನನ್ನೇ ಕರೆತಂದರು. ಸಾಧುವಾಗಿ ಕಂಡ ಸಾಫ್ಟ್‌ವೇರ್ ಕೆಲಸ ಇದ್ದಕ್ಕಿದ್ದಂತೆ ರಾಕ್ಷಸನಾಗುತ್ತದೆ, ಅದನ್ನು ಕೊಲ್ಲುವ ಬೆಳ್ಳಿಯ ಗುಂಡು ಮಾತ್ರ ಇಲ್ಲ ಎಂಬುದು ಅವರ ವಾದ. ತೊಡಕು ಉಪಕರಣದಲ್ಲಿಲ್ಲ, ಬಹುಪಾಲು ಸಮಸ್ಯೆಯಲ್ಲೇ ಇದೆ.

1975ರ ಪುಸ್ತಕದಲ್ಲಿ ಮೆಮೊರಿಯ ಅಳತೆಯಂಥ ಭಾಗಗಳು ಹಳತಾಗಿವೆ. ಮನುಷ್ಯರ ಕುರಿತ ಭಾಗ ಹಳತಾಗಿಲ್ಲ. ತಡವಾದ ಕೆಲಸಕ್ಕೆ ಇನ್ನಷ್ಟು ಜನರನ್ನು ಸೇರಿಸಿದರೆ ಅದು ಮತ್ತೂ ತಡವಾಗುತ್ತದೆ ಎಂದು ಬ್ರೂಕ್ಸ್ ತೋರಿಸಿಕೊಟ್ಟರು. ಹೊಸಬರಿಗೆ ಕಲಿಸಲು ಹಳಬರು ತಮ್ಮ ಕೆಲಸ ಬಿಡಬೇಕು. ಜೊತೆಗೆ ಮಾತುಕತೆಯ ಹೊರೆಯೂ ಬೆಳೆಯುತ್ತದೆ: 5 ಜನರ ನಡುವೆ 10 ಜೋಡಿಗಳು ಮಾತಾಡಿಕೊಂಡರೆ ಸಾಕು, 10 ಜನರಾದರೆ 45.