ಶೆಟ್ಟರ ಅಂಗಡಿಯಲ್ಲಿ ಎಷ್ಟು ದೇಶ?

ಮಕ್ಕಳೇ, ನಿಮ್ಮ ಬೀದಿಯ ದಿನಸಿ ಅಂಗಡಿಯಲ್ಲಿ ಫಾರಿನ್ ಸಾಮಾನು ಯಾವುದಿದೆ ಎಂದು ಯಾರಾದರೂ ಕೇಳಿದರೆ ಏನನ್ನು ತೋರಿಸುತ್ತೀರಿ? ಚಾಕೊಲೇಟನ್ನೋ, ಬಣ್ಣಬಣ್ಣದ ಪೊಟ್ಟಣದ ನೂಡಲ್ಸನ್ನೋ ತೋರಿಸುತ್ತೀರಿ, ಅಲ್ಲವೇ? ನನ್ನ ಮೊಮ್ಮಗಳೂ ಮೊದಲು ಅದನ್ನೇ ತೋರಿಸಿದಳು.

ಮೈಸೂರಿನ ಒಂಟಿಕೊಪ್ಪಲಿನಲ್ಲಿ ನಮ್ಮ ಮನೆಯ ತಿರುವಿನಲ್ಲೇ ಶೆಟ್ಟರ ಅಂಗಡಿ ಇದೆ. ಹತ್ತಡಿ ಅಗಲದ ಮಳಿಗೆ. ಶೆಟ್ಟರ ತಂದೆಯವರ ಕಾಲದಿಂದಲೂ ಅಲ್ಲಿ ಬೇಳೆಕಾಳು, ಎಣ್ಣೆ, ಸಾಂಬಾರ ಪದಾರ್ಥಗಳ ವ್ಯಾಪಾರ. ಎರಡು ವರ್ಷದ ಹಿಂದೆ ಅವರ ಮಗ ಮುಂಭಾಗದಲ್ಲಿ ಒಂದು ಗಾಜಿನ ಕಪಾಟು ಮಾಡಿಸಿಕೊಟ್ಟ. ಅದರಲ್ಲಿ ಕೊರಿಯಾದ ಖಾರದ ನೂಡಲ್ಸ್, ಥಾಯ್ಲೆಂಡಿನ ಮೆಣಸಿನಕಾಯಿ ಸಾಸ್, ಇಟಲಿಯ ಪಾಸ್ತಾ ಎಲ್ಲ ಇವೆ. ಶಾಲೆ ಬಿಟ್ಟ ಮೇಲೆ ಮಕ್ಕಳ ಗುಂಪು ಆ ಕಪಾಟಿನ ಮುಂದೆಯೇ ಇರುತ್ತದೆ.

ಏಳನೇ ತರಗತಿಯಲ್ಲಿ ಓದುವ ನನ್ನ ಮೊಮ್ಮಗಳಿಗೆ ಶಾಲೆಯಲ್ಲಿ ಒಂದು ಕೆಲಸ ಕೊಟ್ಟಿದ್ದರು. ಹತ್ತಿರದ ಅಂಗಡಿಗೆ ಹೋಗಿ, ಹೊರದೇಶದಿಂದ ಬಂದ ಆಹಾರ ಪದಾರ್ಥಗಳನ್ನು ಪಟ್ಟಿ ಮಾಡಿ, ಆ ದೇಶಗಳನ್ನು ಪ್ರಪಂಚದ ಭೂಪಟದಲ್ಲಿ ಗುರುತಿಸಬೇಕು. ನನ್ನನ್ನೂ ಜೊತೆಗೆ ಕರೆದುಕೊಂಡು ಹೋದಳು. ಕಪಾಟಿನ ಮುಂದೆ ನಿಂತು ಐದೇ ನಿಮಿಷದಲ್ಲಿ ಐದು ಹೆಸರು ಬರೆದು, “ಮುಗೀತು ತಾತ, ಹೋಗೋಣ” ಎಂದಳು.

ತಕ್ಕಡಿಯಲ್ಲಿ ಬೆಲ್ಲ ತೂಗುತ್ತಿದ್ದ ಶೆಟ್ಟರು ತಲೆ ಎತ್ತದೆಯೇ ಹೇಳಿದರು: “ಅದು ನನ್ನ ಮಗನ ಕಪಾಟು, ಪುಟ್ಟಿ. ನನ್ನ ಹಿಂದೆ ಇರೋ ಡಬ್ಬಗಳನ್ನೂ ಬರ್ಕೋ. ಅಲ್ಲಿ ಇನ್ನೂ ಜಾಸ್ತಿ ದೇಶ ಇದೆ.”

ಮಂಗನೂ ಮೆಚ್ಚುವ ಇಂಗು

ಮೊದಲು ತೆಗೆದದ್ದು ಇಂಗಿನ ಡಬ್ಬ. ‘ಇಂಗು ತೆಂಗು ಇದ್ದರೆ ಮಂಗನೂ ಚೆನ್ನಾಗಿ ಅಡುಗೆ ಮಾಡುತ್ತದೆ’ ಎಂಬ ಗಾದೆ ಎಲ್ಲ ಅಜ್ಜಿಯರಿಗೂ ಗೊತ್ತು. ತೆಂಗು ನಮ್ಮ ಹಿತ್ತಲಿನದು. ಇಂಗು ಬರುವುದು ಮುಖ್ಯವಾಗಿ ಅಫ್ಘಾನಿಸ್ತಾನ, ಇರಾನ್ ಮತ್ತು ಉಜ್ಬೇಕಿಸ್ತಾನದಿಂದ. ಅಲ್ಲಿಯ ಒಣ ಬೆಟ್ಟಗಳಲ್ಲಿ ಬೆಳೆಯುವ ಒಂದು ಗಿಡದ ದಪ್ಪ ಬೇರಿಗೆ ಗಾಯ ಮಾಡಿದರೆ ಹಾಲಿನಂಥ ಅಂಟು ಒಸರುತ್ತದೆ. ಒಣಗಿದ ಆ ಅಂಟೇ ಇಂಗು. ಅದರ ವಾಸನೆ ಎಷ್ಟು ಗಾಢವೆಂದರೆ ಹಾಗೇ ಬಳಸಲು ಆಗುವುದಿಲ್ಲ. ನಮ್ಮ ದೇಶಕ್ಕೆ ತಂದು, ಹಿಟ್ಟು ಮತ್ತು ಗೋಂದು ಬೆರೆಸಿ ಡಬ್ಬಕ್ಕೆ ತುಂಬುತ್ತಾರೆ.

ವರ್ಷಕ್ಕೆ ಸುಮಾರು 1200 ಟನ್ ಹಸಿ ಇಂಗನ್ನು ಭಾರತ ಹೊರಗಿನಿಂದ ತರಿಸುತ್ತಿತ್ತು. ಇಲ್ಲೇ ಬೆಳೆಯಬಹುದೇ ಎಂದು ನೋಡಲು 2020ರ ಅಕ್ಟೋಬರ್‌ನಲ್ಲಿ ಪಾಲಂಪುರದ ವಿಜ್ಞಾನಿಗಳು ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆಯಲ್ಲಿ ಇಂಗಿನ ಸಸಿ ನೆಟ್ಟರು. ಗಿಡ ಅಂಟು ಕೊಡುವ ಹೊತ್ತಿಗೆ ಐದಾರು ವರ್ಷ ಬೇಕು.

“ಅಂದರೆ ನಮ್ಮ ಅಜ್ಜಿಯ ತಿಳಿಸಾರು ಅಫ್ಘಾನಿಸ್ತಾನದ್ದಾ?” ಎಂದಳು ಮೊಮ್ಮಗಳು. “ಸಾರು ನಮ್ಮದೇ, ಒಗ್ಗರಣೆ ಮಾತ್ರ ಅಲ್ಲಿಂದ ಬಂದದ್ದು” ಎಂದರು ಶೆಟ್ಟರು.

ಡಬ್ಬದಿಂದ ಡಬ್ಬಕ್ಕೆ

ಆಮೇಲೆ ಪಟ್ಟಿ ಬೆಳೆಯುತ್ತಲೇ ಹೋಯಿತು. ಲವಂಗದ ಮೂಲ ಇಂಡೊನೇಷ್ಯಾದ ಮಲುಕು ದ್ವೀಪಗಳು. ಈಗ ಮಡಗಾಸ್ಕರ್, ಶ್ರೀಲಂಕಾಗಳಿಂದಲೂ ಬರುತ್ತದೆ. ಒಳ್ಳೆಯ ಚಕ್ಕೆ ಶ್ರೀಲಂಕಾದ್ದು, ದಪ್ಪ ಚಕ್ಕೆ ವಿಯೆಟ್ನಾಂ, ಚೀನಾ ಕಡೆಯದು. ಪಲಾವಿಗೆ ಹಾಕುವ ನಕ್ಷತ್ರದಂಥ ಮೊಗ್ಗೂ ಆ ಕಡೆಯದೇ. ಬಾದಾಮಿ ಹೆಚ್ಚಾಗಿ ಅಮೆರಿಕದ ಕ್ಯಾಲಿಫೋರ್ನಿಯಾದ್ದು. ಗಸಗಸೆ ಟರ್ಕಿಯದು.

ಬೇಳೆಯಲ್ಲಾದರೂ ಎಲ್ಲವೂ ನಮ್ಮದಿರಬಹುದು ಎಂದುಕೊಂಡೆವು. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ, ಅಂಥ ರುಚಿ ಅದಕ್ಕೆ. ಆದರೆ ದೇಶಕ್ಕೆಲ್ಲ ಸಾಲುವಷ್ಟು ತೊಗರಿ ಬೆಳೆಯುವುದಿಲ್ಲ. ಉಳಿದದ್ದು ಮ್ಯಾನ್ಮಾರ್‌ನಿಂದ ಮತ್ತು ಆಫ್ರಿಕಾದ ಮೊಜಾಂಬಿಕ್, ತಾಂಜಾನಿಯಾ, ಮಲಾವಿಗಳಿಂದ ಬರುತ್ತದೆ. ಇಡ್ಲಿಯ ಉದ್ದು ಕೂಡ ಮ್ಯಾನ್ಮಾರ್‌ನಿಂದ ಬರುವುದುಂಟು. ಸಂತೇಪೇಟೆಯ ಸಗಟು ಮಳಿಗೆಯಲ್ಲಿ ಮೂಟೆ ಇಳಿಸಿಕೊಳ್ಳುವಾಗ ಶೆಟ್ಟರು ಯಾವ ಊರಿನ ಮಾಲು ಎಂದು ಕೇಳಿಯೇ ತರುತ್ತಾರಂತೆ. ಬೇಯುವ ಹೊತ್ತು ಬೇರೆ ಬೇರೆ, ಗಿರಾಕಿಗೆ ಹೇಳಬೇಕಲ್ಲ!

“2022ರಲ್ಲಿ ಸೂರ್ಯಕಾಂತಿ ಎಣ್ಣೆ ಬೆಲೆ ಯಾಕೆ ಹಾಗೆ ಏರಿತು ಗೊತ್ತಾ?” ಎಂದು ಶೆಟ್ಟರು ಕೇಳಿದರು. ನನಗೆ ಚೆನ್ನಾಗಿ ನೆನಪಿತ್ತು. ಆಗ ನಮಗೆ ಆ ಎಣ್ಣೆ ಎಲ್ಲಕ್ಕಿಂತ ಹೆಚ್ಚು ಬರುತ್ತಿದ್ದುದು ಉಕ್ರೇನಿನಿಂದ. ಅಲ್ಲಿ ಯುದ್ಧ ಶುರುವಾಯಿತು, ಹಡಗು ನಿಂತವು, ನಮ್ಮ ಮನೆಯಲ್ಲಿ ಬೋಂಡ ಕರಿಯುವುದು ನಿಂತಿತು.

ಇನ್ನೊಂದು ತಮಾಷೆ ಕೇಳಿ. ಹೊರಗಿನಿಂದ ಬಂದ ಸಾಮಾನಿಗೆ ನಮ್ಮ ಹಿರಿಯರು ಹೆಸರಿನಲ್ಲೇ ಗುರುತು ಹಾಕಿಟ್ಟಿದ್ದಾರೆ. ‘ಸೀಮೆ’ ಎಂದರೆ ಹೊರನಾಡಿನದು: ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆ. ಸಬ್ಬಕ್ಕಿಯನ್ನು ಸೀಮೆಅಕ್ಕಿ ಎನ್ನುವ ಮನೆಗಳೂ ಇವೆ. ಪರಂಗಿ ಹಣ್ಣಿನ ‘ಪರಂಗಿ’ ಎಂದರೆ ಯುರೋಪಿನವರು. ಅವರ ಹಡಗಿನಲ್ಲಿ ಬಂದ ಹಣ್ಣು ಅದು.

ಖಾರದ ಕಾಯಿಯ ಪಯಣ

ಕೊನೆಗೆ ಶೆಟ್ಟರು ಒಂದು ಹಿಡಿ ಬ್ಯಾಡಗಿ ಮೆಣಸಿನಕಾಯಿ ತಂದು ಮೇಜಿನ ಮೇಲೆ ಸುರಿದರು. “ಇದು ಎಲ್ಲೀದು ಹೇಳು.”

“ಹಾವೇರಿ ಜಿಲ್ಲೆ, ಬ್ಯಾಡಗಿ!” ಎಂದಳು ಮೊಮ್ಮಗಳು. ಸರಿಯೇ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಕಾಯಿ ಇದು. ಸುಕ್ಕು ಮೈ, ಕಡುಗೆಂಪು ಬಣ್ಣ, ಖಾರ ಕಡಿಮೆ. ಆದರೆ ಇದರ ಮುತ್ತಜ್ಜ ನಮ್ಮವನಲ್ಲ. ಜಗತ್ತಿನ ಎಲ್ಲ ಮೆಣಸಿನಕಾಯಿಗಳ ತವರು ಅಮೆರಿಕ ಖಂಡ. ಹದಿನಾರನೇ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳ ಮೂಲಕ ಅದು ನಮ್ಮ ಪಶ್ಚಿಮ ಕರಾವಳಿಗೆ ಬಂತು.

ಅದಕ್ಕೆ ಮೊದಲು ನಮ್ಮ ಅಡುಗೆಗೆ ಖಾರ ಕೊಡುತ್ತಿದ್ದದ್ದು ಕಾಳುಮೆಣಸು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದದ್ದು ಆ ಮೆಣಸಿನ ವ್ಯಾಪಾರದಿಂದಲೇ. ಹೊಸ ಕಾಯಿ ಬಂದಾಗ ನಮ್ಮವರು ಹಳೆಯ ಹೆಸರನ್ನೇ ಮುಂದುವರಿಸಿ ‘ಮೆಣಸಿನಕಾಯಿ’ ಎಂದರು. ಹಳೆಯದನ್ನು ಎಷ್ಟೋ ಕಡೆ ‘ಒಳ್ಳೆಮೆಣಸು’ ಎಂದು ಕರೆಯತೊಡಗಿದರು. ಕೊರಿಯಾದ ನೂಡಲ್ಸಿನ ಖಾರವೂ ಅಮೆರಿಕ ಖಂಡದ ಅದೇ ಗಿಡದ ವಂಶದ್ದು. ಅಂದರೆ ಗಾಜಿನ ಕಪಾಟಿನ ಪೊಟ್ಟಣವೂ ಹಿಂದಿನ ಡಬ್ಬದ ಬ್ಯಾಡಗಿಯೂ ಒಂದೇ ಮನೆತನದವು.

ನಾವು ಮಾತಾಡುತ್ತಿದ್ದಾಗಲೇ ಮೂರನೇ ತರಗತಿಯ ಹುಡುಗನೊಬ್ಬ ದುಡ್ಡು ಹಿಡಿದು ಬಂದ. “ಅಂಕಲ್, ಆ ಕಪ್ಪು ಪೊಟ್ಟಣದ ಖಾರದ ನೂಡಲ್ಸ್ ಕೊಡಿ. ಫ್ರೆಂಡ್ಸ್ ಜೊತೆ ಪಂದ್ಯ.” ಶೆಟ್ಟರು ಕೊಡಲಿಲ್ಲ. “ಅಮ್ಮನ್ನ ಕರ್ಕೊಂಡು ಬಾ ಮರಿ, ಕೊಡ್ತೀನಿ” ಎಂದು ಒಂದು ಕಡಲೆಮಿಠಾಯಿ ಕೈಗಿಟ್ಟು ಕಳಿಸಿದರು. ಹುಡುಗ ಮುಖ ಊದಿಸಿಕೊಂಡು ಹೋದ.

ಶೆಟ್ಟರು ಮಾಡಿದ್ದು ಸರಿ ಎಂದು ನಾನು ಮೊಮ್ಮಗಳಿಗೆ ಹೇಳಿದೆ. 2024ರ ಜೂನ್‌ನಲ್ಲಿ ಡೆನ್ಮಾರ್ಕಿನ ಆಹಾರ ಇಲಾಖೆ ಕೊರಿಯಾದ ಸಮ್ಯಾಂಗ್ ಕಂಪನಿಯ ಮೂರು ಬಗೆಯ ಖಾರದ ನೂಡಲ್ಸನ್ನು ಅಂಗಡಿಗಳಿಂದ ವಾಪಸ್ ತೆಗೆಸಿತ್ತು. ಮಕ್ಕಳಿಗೆ ಅಷ್ಟು ಖಾರ ಅಪಾಯ ಎಂಬುದು ಅದರ ಆತಂಕ. ಮರುತಿಂಗಳು ಮತ್ತೆ ಪರಿಶೀಲಿಸಿ ಎರಡಕ್ಕೆ ಅನುಮತಿ ಕೊಟ್ಟಿತು, ಅತಿ ಖಾರದ್ದಕ್ಕೆ ಕೊಡಲಿಲ್ಲ.

ಖಾರ ಎನ್ನುವುದು ರುಚಿಯಲ್ಲ, ಅದೊಂದು ಬಗೆಯ ಉರಿ. ಮೆಣಸಿನಕಾಯಿಯಲ್ಲಿರುವ ಕ್ಯಾಪ್ಸೈಸಿನ್ ಎಂಬ ವಸ್ತು, ಬಿಸಿ ತಾಗಿದಾಗ ಎಚ್ಚರಿಸುವ ನಮ್ಮ ನರಗಳನ್ನೇ ಎಬ್ಬಿಸುತ್ತದೆ. ಇದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಬಹುಮಾನದಲ್ಲಿ ಪಾಲು ಸಿಕ್ಕಿತು. ಗಿಳಿಗಳಿಗೆ ಈ ಉರಿ ತಾಗುವುದಿಲ್ಲ, ಅದಕ್ಕೇ ಅವು ಮೆಣಸಿನಕಾಯಿಯನ್ನು ಹಣ್ಣಿನಂತೆ ಮೆಲ್ಲುತ್ತವೆ. ಬಾಯಿ ಉರಿದರೆ ನೀರು ಕುಡಿಯಬೇಡಿ, ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ. ಹಾಲು ಅಥವಾ ಮೊಸರು ಕುಡಿಯಿರಿ. ಖಾರದ ಊಟದ ಕೊನೆಗೆ ಮೊಸರನ್ನ ಉಣ್ಣಿಸುವ ಅಜ್ಜಿಯಂದಿರಿಗೆ ಇದು ಮೊದಲೇ ಗೊತ್ತು!

ಪೊಟ್ಟಣ ಓದುವುದು ಹೇಗೆ?

ಹೊರದೇಶದ ಪೊಟ್ಟಣ ಕೊಳ್ಳುವಾಗ ಅಜ್ಜ ಅಜ್ಜಿಯರು ಕನ್ನಡಕ ಹಾಕಿಕೊಂಡು, ಇಲ್ಲವೇ ಮೊಮ್ಮಕ್ಕಳಿಂದ ಓದಿಸಿ, ನಾಲ್ಕು ವಿಷಯ ನೋಡಬೇಕು ಎನ್ನುತ್ತಾರೆ ಶೆಟ್ಟರು. ಒಂದು, ಹಸಿರು ಚುಕ್ಕಿ ಇದ್ದರೆ ಸಸ್ಯಾಹಾರ, ಕಂದು ತ್ರಿಕೋನ ಇದ್ದರೆ ಮಾಂಸಾಹಾರ. ನೋಡಲು ಒಂದೇ ಥರದ ನೂಡಲ್ಸಿನಲ್ಲಿ ಎರಡೂ ಇರುತ್ತವೆ. ಎರಡು, ಭಾರತಕ್ಕೆ ತರಿಸಿದವರ ಹೆಸರು, ವಿಳಾಸ. ಮೂರು, ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಪರವಾನಗಿ ಸಂಖ್ಯೆ. ನಾಲ್ಕು, ಎಂದಿನೊಳಗೆ ಬಳಸಬೇಕು ಎಂಬ ದಿನಾಂಕ. ಇವು ಕಾಣಿಸದಿದ್ದರೆ ಎಷ್ಟೇ ಚಂದದ ಪೊಟ್ಟಣವಾದರೂ ವಾಪಸ್ ಇಡಿ.

ಶೆಟ್ಟರು ಕೇಳುವ ಪ್ರಶ್ನೆ

ನಮ್ಮ ಎದುರುಮನೆಯವರು ಕಳೆದ ವರ್ಷ ದುಬೈನಲ್ಲಿರುವ ಮಗಳ ಬಾಣಂತನಕ್ಕೆ ಹೊರಟಿದ್ದರು. ಚೀಟಿಯಲ್ಲಿ ಬರೆದು ಕಳಿಸಿದ್ದು: ಮೆಂತ್ಯ, ಓಮ, ಒಣಶುಂಠಿ, ಬೆಲ್ಲ, ಕಾಲು ಕಿಲೋ ಗಸಗಸೆ. ಶೆಟ್ಟರು ಚೀಟಿ ನೋಡಿ, “ಇದೆಲ್ಲ ಎಲ್ಲಿಗೆ ಹೋಗುತ್ತೆ?” ಎಂದು ಕೇಳಿದರು. ದುಬೈಗೆ ಎಂದು ತಿಳಿದ ಕೂಡಲೇ ಗಸಗಸೆಯನ್ನು ತೆಗೆದಿಟ್ಟರು.

ಗಸಗಸೆ ಅಫೀಮು ಗಿಡದ ಬೀಜ. ನಮ್ಮಲ್ಲಿ ಅದರ ಪಾಯಸ ಮಾಡಿ ದೇವರಿಗೆ ನೈವೇದ್ಯ ಇಡುತ್ತೇವೆ. ಸಂಯುಕ್ತ ಅರಬ್ ಎಮಿರೇಟ್ಸ್, ಸಿಂಗಪುರದಂಥ ದೇಶಗಳಲ್ಲಿ ಅದಕ್ಕೆ ನಿಷೇಧವಿದೆ. ಚೀಲದಲ್ಲಿ ಸಿಕ್ಕಿದರೆ ವಿಮಾನ ನಿಲ್ದಾಣದಲ್ಲೇ ಹಿಡಿಯಬಹುದು. ಮಕ್ಕಳನ್ನು ನೋಡಲು ಹೊರದೇಶಕ್ಕೆ ಹೊರಟ ಹಿರಿಯರು ಇದನ್ನು ನೆನಪಿಡಬೇಕು. ಎದುರುಮನೆಯವರು ಬಾಣಂತನ ಮುಗಿಸಿ ಬಂದ ದಿನ, ಮೊಮ್ಮಗುವಿನ ಫೋಟೋ ತೋರಿಸಲು ಮೊದಲು ಹೋದದ್ದು ಆ ಅಂಗಡಿಗೆ.

ಈಗ ಮೊಬೈಲ್ ಒತ್ತಿದರೆ ಹತ್ತು ನಿಮಿಷದಲ್ಲಿ ಗಸಗಸೆ ಮನೆಬಾಗಿಲಿಗೆ ಬರುತ್ತದೆ. ಖಾರದ ನೂಡಲ್ಸೂ ಬರುತ್ತದೆ. ತಂದುಕೊಡುವ ಹುಡುಗನಿಗೆ ಇದು ಯಾರಿಗೆ, ಎಲ್ಲಿಗೆ ಎಂದು ಕೇಳಲು ಸಮಯವಿಲ್ಲ. ಕಾಲುನೋವಿನ ಹಿರಿಯರಿಗೆ ಅದರಿಂದ ಅನುಕೂಲವಿದೆ, ನಾನೂ ತರಿಸಿದ್ದೇನೆ. ಆದರೆ ಶೆಟ್ಟರ ವ್ಯಾಪಾರ ಇಳಿದಿರುವುದೂ ನಿಜ. ಮಗನ ಕಪಾಟಿನಿಂದ ಮಕ್ಕಳು ಬರತೊಡಗಿದರು, ಅದರಿಂದ ಸ್ವಲ್ಪ ಉಸಿರಾಡುವಂತಾಗಿದೆ. ಮಳಿಗೆಯ ಕರಾರು ಬರುವ ಯುಗಾದಿಗೆ ಮುಗಿಯುತ್ತದೆ. “ಬಾಡಿಗೆ ಏರಿಸಿದರೆ ಯೋಚನೆ ಮಾಡಬೇಕು ಮೇಷ್ಟ್ರೇ” ಎಂದರು. ಹೆಚ್ಚು ಹೇಳಲಿಲ್ಲ.

ಮೊಮ್ಮಗಳ ಭೂಪಟದಲ್ಲಿ ಕೊನೆಗೆ ಹದಿನೇಳು ದೇಶ ಆದವು. ಅದರ ಒಂದು ಪ್ರತಿಯನ್ನು ಶೆಟ್ಟರು ತಕ್ಕಡಿಯ ಹಿಂದೆ ಗೋಡೆಗೆ ಅಂಟಿಸಿದ್ದಾರೆ. ಸಾಮಾನಿಗೆ ಕಾಯುವವರು ಅದರ ಮುಂದೆ ನಿಂತು ಬೆರಳಿಟ್ಟು ಓದುತ್ತಾರೆ.

ಮಕ್ಕಳೇ, ಈ ಭಾನುವಾರ ನೀವೂ ಅಜ್ಜನನ್ನೋ ಅಜ್ಜಿಯನ್ನೋ ಕರೆದುಕೊಂಡು ನಿಮ್ಮ ಬೀದಿಯ ಅಂಗಡಿಗೆ ಹೋಗಿ. ಹತ್ತು ಸಾಮಾನುಗಳ ಊರು ಕೇಳಿ ಬರೆದುಕೊಳ್ಳಿ. ‘ಸೀಮೆ’ ಎಂದು ಶುರುವಾಗುವ ಹೆಸರು ಎಷ್ಟಿವೆ ಎಂದು ಅಜ್ಜಿಯನ್ನು ಕೇಳಿ. ಕೇಳಿಯಾದ ಮೇಲೆ ಅಂಗಡಿಯವರಿಂದ ಏನಾದರೂ ಕೊಂಡುಕೊಂಡೇ ಬನ್ನಿ, ಕಾಲು ಕಿಲೋ ತೊಗರಿಬೇಳೆಯಾದರೂ ಸರಿ.