ಹಡಗಿನಿಂದ ಬಂದ ತಮ್ಮನ ದೊಡ್ಡ ದನಿ

ನನ್ನ ತಮ್ಮ ಹಡಗಿನ ಎಂಜಿನ್ ರೂಮಿನಲ್ಲಿ ಕೆಲಸಕ್ಕಿದ್ದಾನೆ. ರಜೆಯಲ್ಲಿ ಅಲೆವೂರಿಗೆ ಬಂದು ಜಗಲಿಯಲ್ಲಿ ಕೂತು ಮಾತಾಡಿದರೆ ಗದ್ದೆಯಾಚೆಯ ಮನೆಗೂ ಕೇಳುತ್ತಿತ್ತು. “ಎಂಥ ಬೊಬ್ಬೆ ಮಾರಾಯ, ಮೆಲ್ಲ ಮಾತಾಡು” ಅಂದರೆ, “ಮೆಲ್ಲನೇ ಅಲ್ವಾ ಅಕ್ಕ ಮಾತಾಡುವುದು?” ಎನ್ನುತ್ತಿದ್ದ. ನಾವೆಲ್ಲ ನಕ್ಕದ್ದೇ ನಕ್ಕದ್ದು.

ಅಮ್ಮನನ್ನು ಡಾಕ್ಟರಲ್ಲಿಗೆ ಕರೆದುಕೊಂಡು ಹೋದ ದಿನ ಸುಮ್ಮನೆ ಅವನ ಬಿ.ಪಿ.ಯನ್ನೂ ನೋಡಿಸಿದೆವು. ೧೬೮/೧೦೪! ವಯಸ್ಸು ಮೂವತ್ತೊಂಬತ್ತು. ನಗು ಅಲ್ಲಿಗೇ ನಿಂತಿತು. ರಿಕ್ಷಾದಲ್ಲಿ ಬರುವಾಗ ಹೇಳಿದ, “ಯಾರಿಗೂ ಹೇಳಬೇಡ ಅಕ್ಕ. ಮೆಡಿಕಲ್‌ನಲ್ಲಿ ಫೇಲ್ ಮಾಡಿದರೆ ಮನೆ ಸಾಲ ಕಟ್ಟುವುದು ಯಾರು?” ಹಡಗು ಹತ್ತಲು ಫಿಟ್ ಎಂಬ ಸರ್ಟಿಫಿಕೇಟು ಬೇಕು ನೋಡಿ.

ಮರುವಾರ ಹಟ ಮಾಡಿ ಅವನನ್ನು ಪುನಃ ಕರೆದುಕೊಂಡು ಹೋದೆ. ಡಾಕ್ಟರು ಬಿಡಿಸಿ ಹೇಳಿದರು. ದಿನಕ್ಕೆ ಎಂಟು ಗಂಟೆ ದುಡಿಯುವವರಿಗೆ ೮೫ ಡೆಸಿಬಲ್ ಸದ್ದು ಮಿತಿ ಎಂದು ಒಂದು ಲೆಕ್ಕ. ಮೂರು ಡೆಸಿಬಲ್ ಏರಿದಂತೆಲ್ಲ ಸಮಯ ಅರ್ಧಕ್ಕಿಳಿಯುತ್ತದೆ. ಹಡಗಿನ ಎಂಜಿನ್ ರೂಮಿಗೆ ಅಂತರರಾಷ್ಟ್ರೀಯ ನಿಯಮ ೧೧೦ರವರೆಗೂ ಬಿಟ್ಟಿದೆ, ಆದರೆ ಕಿವಿ ಮುಚ್ಚಿಕೊಂಡೇ ಒಳಗೆ ಹೋಗಬೇಕು. ಮುಚ್ಚದಿದ್ದರೆ ಆ ಲೆಕ್ಕದಲ್ಲಿ ಇಡೀ ದಿನಕ್ಕೆ ಒಂದೂವರೆ ನಿಮಿಷ! ನನ್ನ ತಮ್ಮನೋ, ಸೆಕೆ, ಮಾತು ಕೇಳುವುದಿಲ್ಲ ಎಂದು ಇಯರ್ ಮಫ್ ತೆಗೆದಿಡುವವನು.

ಕಿವಿಗೆ ಪೆಟ್ಟು ಸರಿ, ಹೃದಯಕ್ಕೆ ಏನು ಸಂಬಂಧ ಎಂದು ಕೇಳಿದೆ. ಮಲಗಿದಾಗ ಕಣ್ಣು ಮುಚ್ಚುತ್ತದೆ, ಕಿವಿ ಮುಚ್ಚುವುದಿಲ್ಲವಂತೆ. ದೊಡ್ಡ ಸದ್ದನ್ನು ಶರೀರ ಅಪಾಯವೆಂದೇ ತಿಳಿಯುತ್ತದೆ. ಅಡ್ರಿನಲಿನ್, ಕಾರ್ಟಿಸಾಲ್ ಏರುತ್ತವೆ, ರಕ್ತನಾಳ ಬಿಗಿಯುತ್ತದೆ, ಎದೆ ಜೋರಾಗಿ ಬಡಿಯುತ್ತದೆ. ಅಭ್ಯಾಸವಾಗಿದೆ ಎನ್ನುವವರಿಗೂ ನಿದ್ದೆಯಲ್ಲಿ ಹೀಗಾಗುತ್ತದೆ. ಹೊಸ ದೊಡ್ಡ ಹಡಗುಗಳ ಕ್ಯಾಬಿನ್ನಿಗೆ ೨೦೧೪ರಿಂದ ೫೫ ಡೆಸಿಬಲ್ ಮಿತಿ ಇಟ್ಟದ್ದು ಒಳ್ಳೆಯದೇ ಆಯಿತು. ಆದರೆ ತಮ್ಮನ ಬಿ.ಪಿ.ಗೆ ಸದ್ದೊಂದನ್ನೇ ದೂರಲಾಗದು, ಪಾಳಿಯ ನಿದ್ದೆ, ಸಿಗರೇಟು, ಉಪ್ಪು ಎಲ್ಲವೂ ಸೇರಿರಬಹುದು ಎಂದೂ ಡಾಕ್ಟರು ಹೇಳಿದರು. ಸಿಗರೇಟಿನ ಮಾತು ಬಂದಾಗ ತಮ್ಮ ಗೋಡೆ ನೋಡಿದ.

ಮಲ್ಪೆಯಿಂದ ಟ್ರಾಲ್ ಬೋಟಿಗೆ ಹೋಗುವವರ ಮನೆಯ ಸೋದರಿಯರೂ ಇದನ್ನು ಗಮನಿಸಬೇಕು. ಅಲ್ಲಿ ಎಂಜಿನ್ ಕಾಲಡಿಯಲ್ಲೇ. ದಿನಗಟ್ಟಲೆ ಅದರ ಹತ್ತಿರವೇ ಊಟ, ನಿದ್ದೆ. ಜೂನ್-ಜುಲೈಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವಾಗ ಬಲೆ ರಿಪೇರಿ, ಎಂಜಿನ್ ರಿಪೇರಿ ಎಲ್ಲ ಆಗುತ್ತದೆ. ಆಗಲೇ ಗಂಡಸರ ಬಿ.ಪಿ.ಯನ್ನೂ ನೋಡಿಸಬಾರದೇ? ತಲೆನೋವು ಇಲ್ಲ, ಹಾಗಾಗಿ ಬಿ.ಪಿ. ಇಲ್ಲ ಎನ್ನುವ ಮಾತು ನಂಬಬೇಡಿ. ತಮ್ಮನಿಗೂ ಏನೂ ಗೊತ್ತಾಗುತ್ತಿರಲಿಲ್ಲ.

ಮುಚ್ಚಿಡುವ ಅಗತ್ಯವೂ ಇರಲಿಲ್ಲ ಎಂದು ಆಮೇಲೆ ತಿಳಿಯಿತು. ಮದ್ದಿನಿಂದ ಹತೋಟಿಗೆ ಬಂದು, ಬೇರೆ ತೊಂದರೆ ಇಲ್ಲದಿದ್ದರೆ ಸಾಮಾನ್ಯವಾಗಿ ಹಡಗಿಗೆ ಬಿಡುತ್ತಾರೆ. ಮೆಡಿಕಲ್‌ಗೆ ಎರಡು ದಿನ ಇರುವಾಗ ಓಡುವುದಲ್ಲ, ಊರಿಗೆ ಬಂದ ಕೂಡಲೇ ತೋರಿಸಬೇಕು, ಅಷ್ಟೆ.

ಮನೆಯಲ್ಲಿ ನನ್ನ ಪಾಲಿನ ಕೆಲಸವೂ ಇತ್ತು. ರಜೆಯಲ್ಲಿ ಬಂದವನೆಂದು ಉಪ್ಪುಸೊಳೆ, ಒಣಮೀನು, ಹಪ್ಪಳ, ಮಿಡಿ ಉಪ್ಪಿನಕಾಯಿ ಎಂದು ದಿನಾ ಬಡಿಸುತ್ತಿದ್ದವಳು ನಾನೇ ತಾನೇ! ಗಂಜಿಗೆ ಹೆಸರುಕಾಳಿನ ಪಲ್ಯ, ಬಸಳೆ ಎಂದು ಬದಲಾಯಿಸಿದೆ. ಎರಡು ದಿನ ಮುಖ ಸಿಂಡರಿಸಿದ, ಮೂರನೇ ದಿನ ಸುಮ್ಮನೆ ಉಂಡ.

ತಿಂಗಳೆರಡರಲ್ಲಿ ೧೩೪/೮೬ಕ್ಕೆ ಇಳಿಯಿತು. ಮಾತ್ರೆಯ ವಿಷಯ ಹೇಳಿಯೇ ಸರ್ಟಿಫಿಕೇಟು ತೆಗೆದುಕೊಂಡ. ಕಿವಿಯಲ್ಲಿ ಹೋದಷ್ಟು ಮಾತ್ರ ತಿರುಗಿ ಬರುವುದಿಲ್ಲವಂತೆ. ಈಗ ಅವನು ಫೋನ್ ಮಾಡಿದರೆ ಮಾತ್ರೆ ತೆಗೆದುಕೊಂಡೆಯಾ, ಕಿವಿ ಮುಚ್ಚಿಕೊಂಡೆಯಾ ಎಂದು ನಾನೇ ಬೊಬ್ಬೆ ಹೊಡೆದು ಕೇಳಬೇಕಾಗುತ್ತದೆ.